ಬಳೆ ನಂಜಮ್ಮ ಮತ್ತು ನಾನು ಆಡದ ಮಾತು

ಬಳೆ ನಂಜಮ್ಮನ ಮುಂದೆ ಕೈ ನೀಡಿ ಕೂತ ಹೆಂಗಸು ನಡುವೆ ಎದ್ದು ಹೋಗುವಂತಿರಲಿಲ್ಲ. ಮುಂಗೈಯನ್ನು ತನ್ನ ಮೊಣಕಾಲ ಮೇಲಿರಿಸಿಕೊಂಡು, ಬೆರಳ ಗೆಣ್ಣುಗಳನ್ನು ಮೆಲ್ಲಗೆ ಅದುಮುತ್ತಾ ಹಸಿರು ಬಳೆಯನ್ನು ಜಾರಿಸುವಷ್ಟರಲ್ಲಿ ಆ ಮನೆಯ ಸೊಸೆಯ ಸಂಕಟ, ಅತ್ತೆಯ ಸಿಡುಕು, ಗಂಡನ ಕುಡಿತ ಎಲ್ಲವೂ ನಂಜಮ್ಮನಿಗೆ ಗೊತ್ತಾಗಿರುತ್ತಿತ್ತು. ಒಂದು ಬಳೆಯೂ ಒಡೆಯುತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ ಹುಲ್ಲಹಳ್ಳಿ ಹತ್ತಿರದ ಒಂದು ಊರಿಗೆ ಅಂಗನವಾಡಿ ಟೀಚರಾಗಿ ಹೋದಾಗ ನಾನು ಅವಳನ್ನು ಕಂಡದ್ದು. ಟಿ. ನರಸೀಪುರದಲ್ಲಿ ಬೆಳೆದವಳು ನಾನು. ಊರು ಹೊಸದು, ಜನ ಹೊಸಬರು. ಮಕ್ಕಳನ್ನು ಕಳಿಸಿ ಎಂದು ಮನೆಮನೆಯ ಮುಂದೆ ನಿಂತರೆ ತಾಯಿಯೇ ಒಳಗಿನಿಂದ "ಮನೇಲಿ ಯಾರೂ ಇಲ್ಲ" ಎನ್ನುತ್ತಿದ್ದಳು. ಖಾಲಿ ಚಾಪೆಯ ಮೇಲೆ ಕೂತಿದ್ದ ನನ್ನನ್ನು ಒಂದು ದಿನ ನಂಜಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ಚಾಪೆ ಆಸ್ಕಂಡ್ ಕೂತ್ರೆ ಯಾರ್ ಬತ್ತಾರೆ ಟೀಚರಮ್ಮ? ನನ್ ಜೊತೆ ಬಾ. ಬಾಯ್ ಮಾತ್ರ ಬುಡ್ಬ್ಯಾಡ. ಓದ್ ತಕ್ಸಣ ಮಗ ಕಳ್ಸಿ ಅಂದ್ರೆ ಪೋಲೀಸ್ನೋರ್ ಬಂದಂಗಾಯ್ತದೆ."

ಅಂದಿನಿಂದ ಅವಳು ಬಳೆ ತೊಡಿಸುವ ಜಗಲಿಗಳಲ್ಲಿ ನಾನೂ ಪಕ್ಕದಲ್ಲಿ ಕೂರತೊಡಗಿದೆ. ನೀರು ಕೇಳಿ ಕುಡಿಯುವುದು, ಬೆಳೆಯ ಮಾತಾಡುವುದು, ಮಗುವಿನ ಮಾತನ್ನು ಹೊರಡುವಾಗ ಆಡುವುದು. ಅದು ಅವಳ ದಾರಿ. ಮಳೆಗಾಲ ಬರುವ ಹೊತ್ತಿಗೆ ನನ್ನ ಚಾಪೆಯ ಮೇಲೆ ಜಾಗ ಸಾಲದಾಯಿತು. ಸಂಜೆ ಬಳೆ ಮಲಾರದ ಗಂಟು ಇಳಿಸಿ ಬಂದು, ಚಾಪೆಯ ಮೇಲಿನ ಐಕಳ ಗದ್ದಲ ಕೇಳುತ್ತಾ ಎಲೆ ಅಡಿಕೆ ಹಾಕಿಕೊಂಡು, "ನಾವಿಬ್ರು ಸೇರುದ್ರೆ ಎಂಗೆ!" ಎಂದು ನಗುತ್ತಿದ್ದಳು. ಆ ಊರಲ್ಲಿ ನನಗೆ ಅಕ್ಕ ಎಂದಿದ್ದರೆ ಅವಳೇ.

ಒಂದು ಮನೆ ಮಾತ್ರ ತೆರೆದಿರಲಿಲ್ಲ. ಆಲೆಮನೆಯ ಹಿಂದಿನ ಗುಡಿಸಲಲ್ಲಿದ್ದ, ಕಬ್ಬು ಕಡಿಯುವ ಮಾದೇವಿಯದು. ಅವಳ ಮಗಳು ಚಂದ್ರಿಗೆ ಮೂರು ತುಂಬಿದ್ದರೂ ಮಾತು ಬಂದಿರಲಿಲ್ಲ. ಜನ ಮೂಗಿ ಎನ್ನುತ್ತಾರೆಂದು ಮಾದೇವಿ ಮಗುವನ್ನು ಅಜ್ಜಿಯ ಜೊತೆ ಒಳಗಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ನಂಜಮ್ಮ ನನ್ನನ್ನು ಕರೆದುಕೊಂಡು ಅಲ್ಲಿಗೂ ಹೋದಳು. ಪುಟ್ಟ ಕೆಂಪು ಬಳೆಗಳನ್ನು ಮಗುವಿಗೆ ತೊಡಿಸಿ ಏನೂ ಹೇಳದೆ ಎದ್ದು ಬಂದಳು. ಹಾಗೆ ಹೋಗಿ ಹೋಗಿ, ಕೊನೆಗೊಂದು ಸಂಜೆ ಕೇಳಿದಳು: "ಮಾತ್ ಬರ್ನಿಲ್ಲ ಅಂತ ಒಳ್ಗೇ ಕೂಡಾಕ್ಬುಟ್ರೆ ಮಗ ಯಾರ್ ಕುಟ್ಟೆ ಮಾತಾಡದು? ಗ್ವಾಡೆ ಕುಟ್ಟೆಯಾ?"

ಮಾದೇವಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮರುದಿನ ಚಂದ್ರಿಯನ್ನು ಎತ್ತಿಕೊಂಡು ಬಂದಳು.

ಮಗು ತಿಂಗಳುಗಟ್ಟಲೆ ಮೂಲೆಯಲ್ಲಿ ಕೂತಿತ್ತು. ಒಂದು ಮಧ್ಯಾಹ್ನ ಉಪ್ಪಿಟ್ಟು ಮುಗಿಸಿ ತಟ್ಟೆಯನ್ನು ನನ್ನತ್ತ ನೂಕಿ, ಇನ್ನೂ ಸ್ವಲ್ಪ ಬೇಕೆಂದು, "ಇನ್ನೊಸಿ" ಎಂದಿತು. ಅದೇ ಅದರ ಮೊದಲ ಮಾತು. ನಂಜಮ್ಮ ಅದನ್ನು ಊರಿಡೀ ಹೇಳಿಕೊಂಡು ಬಂದಳು, ತನ್ನದೇ ಮೊಮ್ಮಗಳೇನೋ ಎಂಬಂತೆ.

ಮುಂದಿನ ಜೂನ್‌ನಲ್ಲಿ ಒಂದು ಬೆಳಗ್ಗೆ ನನ್ನ ಚಾಪೆ ಮತ್ತೆ ಖಾಲಿಯಾಗಿತ್ತು. ಹೊರಗೆ ಹಾರ್ನ್ ಕೇಳಿಸಿತು. ಹುಲ್ಲಹಳ್ಳಿಯಲ್ಲಿ ಹೊಸದಾಗಿ ಶುರುವಾದ ಕಾನ್ವೆಂಟಿನ ವ್ಯಾನು. ನನ್ನ ಅಂಗನವಾಡಿಯ ಮಕ್ಕಳೆಲ್ಲ ಟೈ ಕಟ್ಟಿಕೊಂಡು ಕಿಟಕಿಯಲ್ಲಿದ್ದರು. ಮುಂದಿನ ಸೀಟಿನಲ್ಲಿ ಚಂದ್ರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ನಂಜಮ್ಮ ಕೂತಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು.

ಸಂಜೆ ಮಾದೇವಿಯ ಗುಡಿಸಲಿಗೆ ಹೋದೆ. ಅವಳು ಸಂತೋಷದಿಂದ ಚಾಪೆ ಹಾಸಿದಳು. "ನೀವೇ ಏಳ್ಕಳ್ಸುದ್ರಂತಲ್ಲ ಟೀಚರಮ್ಮ. ಇಂಗ್ಲೀಸ್ ಕಲ್ತ್ರೆ ಮಗೀಗೆ ಮಾತು ಬಿರ್‍ನೆ ಬತ್ತದೆ ಅಂತ. ನಂಜಕ್ಕ ಏಳುದ್ಲು. ನಿಮ್ ಮಾತ್ ಮ್ಯಾಲೆ ಕಳ್ಸಿವ್ನಿ."

ನನಗೆ ಕೂರಲಾಗಲಿಲ್ಲ. ಹಾಗೆ ಹೇಳಿದ್ದು ನಾನಲ್ಲ ಎಂದು ಅವಳ ಸಂತೋಷ ಕೆಡಿಸಲು ಮನಸ್ಸಾಗದೆ, ನೇರ ನಂಜಮ್ಮನ ಮನೆಗೆ ಹೋದೆ.

"ನಾನು ಯಾವತ್ತು ಹಾಗಂದೆ ನಂಜಕ್ಕ?"

ಅವಳು ಎಲೆಗೆ ಸುಣ್ಣ ಹಚ್ಚುತ್ತಲೇ ಹೇಳಿದಳು: "ಈಗ ಬಳೆ ಯಾರ್ ತೊಟ್ಕತಾರವ್ವ? ಎಲ್ಲಾ ಪ್ಯಾನ್ಸಿ ಅಂಗ್ಡಿಗ್ ಓಯ್ತಾರೆ. ಐಕ್ಳ ಕರ್ಕಬಂದ್ರೆ ಆಯಾ ಕೆಲ್ಸ ಕೊಡ್ತೀವಿ, ಮೊದ್ಲ್ನೆ ವರ್ಸ ಪೀಸೂ ಬ್ಯಾಡ ಅಂದ್ರು ಕಾನ್ವೆಂಟ್ನೋರು."

"ಕೆಲಸಕ್ಕೆ ಸೇರ್ಕೋ, ಬೇಡ ಅಂದವರ್‍ಯಾರು? ನನ್ನ ಹೆಸರು ಯಾಕೆ ಹೇಳಿದೆ?"

"ನನ್ ಮಾತ್ ಯಾರ್ ನಂಬ್ತಾರೆ? ನಿನ್ ಎಸ್ರು ಏಳುದ್ರೆ ನಂಬ್ತಾರೆ."

ಮಕ್ಕಳು ಹೋದದ್ದಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಸುಟ್ಟಿತು. ನಾವಿಬ್ಬರೂ ಜಗಲಿ ಜಗಲಿಯಲ್ಲಿ ಕೂತು ಗಳಿಸಿದ ನಂಬಿಕೆಯನ್ನು ಅವಳೊಬ್ಬಳೇ ಕೊಂಡೊಯ್ದು ಮಾರಿಕೊಂಡಿದ್ದಳು. ಅದೂ ಅದೇ ಜಗಲಿಗಳಲ್ಲಿ, ಅದೇ ರೀತಿ ನೀರು ಕೇಳಿ ಕುಡಿದು.

ಕಾನ್ವೆಂಟಿನಲ್ಲಿ ಚಂದ್ರಿಯನ್ನು ಕೊನೆಯ ಬೆಂಚಿಗೆ ಕೂರಿಸಿದರು. ಎ ಬಿ ಸಿ ಹೇಳಲಿಲ್ಲವೆಂದು ಹೊಡೆದರು. ಇದ್ದಬದ್ದ ಮಾತೂ ನಿಂತಿತು. ಮರುವರ್ಷ ಲಾಭವಿಲ್ಲವೆಂದು ನಮ್ಮೂರಿಗೆ ವ್ಯಾನೂ ಬರಲಿಲ್ಲ. ಚಂದ್ರಿಯನ್ನು ಮತ್ತೆ ಅಂಗನವಾಡಿಗೆ ಕಳಿಸೆಂದು ಕೇಳಲು ನಾನು ಗುಡಿಸಲಿಗೆ ಹೋದಾಗ ಮಾದೇವಿ ಬಾಗಿಲಿಗೆ ಅಡ್ಡ ನಿಂತಳು.

"ನಾನು ಹಾಗೆ ಹೇಳಿರಲಿಲ್ಲ ಮಾದೇವಿ."

"ಈಗ ಅಂಗಂತೀರಿ. ಇಬ್ರೂ ಜೊತೇಲೇ ಬತ್ತಿದ್ರಲ್ಲ ಆಗ?"

ಮುಂದಿನ ಬೇಸಿಗೆಯಲ್ಲಿ ಮಾದೇವಿಯ ಮನೆಯವರು ಕವಲಂದೆ ಕಡೆಗೆ ಕೂಲಿಗೆ ಹೊರಟು ಹೋದರು. ಆ ಕಡೆಯ ಅಂಗನವಾಡಿಗಳಲ್ಲೆಲ್ಲ ವಿಚಾರಿಸಿದೆ. ಸುಳಿವು ಸಿಗಲಿಲ್ಲ.

ಕೆಲವು ವರ್ಷಗಳ ನಂತರ, ನಾನು ಸೋಸಲೆಯ ಅಂಗನವಾಡಿಯಲ್ಲಿದ್ದಾಗ, ಟಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ನಂಜಮ್ಮ ಸಿಕ್ಕಳು. ಕಣ್ಣಿಗೆ ಪೊರೆ ಬಂದಿತ್ತು. ದನಿಯಿಂದಲೇ ಗುರುತು ಹಿಡಿದಳು. ಪಕ್ಕದಲ್ಲಿದ್ದ ಹೆಂಗಸಿಗೆ, "ಇವ್ರು ನಮ್ಮೂರ್ ಟೀಚರಮ್ಮ ಕಣವ್ವ. ಊರ್ ಐಕ್ಳನ್ನೆಲ್ಲ ಇವ್ರೂ ನಾನೂವೆ ಸೇರ್ಕಂಡು ಸಾಕುದ್ವಿ" ಎಂದು ಹೆಮ್ಮೆಯಿಂದ ಹೇಳಿದಳು.

ವರ್ಷಗಟ್ಟಲೆ ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಇಷ್ಟು ಮಾತ್ರ ಕೇಳಿದೆ: "ಚಂದ್ರಿ ಎಲ್ಲಿದ್ದಾಳೆ, ಏನಾದರೂ ಗೊತ್ತಾ ನಂಜಕ್ಕ?"

ಅವಳು ಹುಬ್ಬು ಗಂಟಿಕ್ಕಿ ಸ್ವಲ್ಪ ಹೊತ್ತು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು.

"ಯಾವ್ ಚಂದ್ರಿನವ್ವ?" ಎಂದಳು.

ಅವಳ ಬಸ್ಸು ಬಂತು. ರಟ್ಟೆ ಹಿಡಿದು ಹತ್ತಿಸಿದೆ. ಮುಂದೆ ಅವಳು ತೀರಿಕೊಂಡ ಸುದ್ದಿ ಬಂದಾಗ ನಾನು ಆ ಊರಿಗೆ ಹೋಗಲಿಲ್ಲ.