ಹಿರಿಯ ಜ್ಞಾನಮಿತ್ರಪ್ಪನವರ ಹಾಲಿನ ಸಾಲು
ಶಿಕಾರಿಪುರದ ಪ್ರಾಟೆಸ್ಟಂಟ್ ಸಭೆಯ ಹಿರಿಯ ಜ್ಞಾನಮಿತ್ರಪ್ಪನವರಿಗೆ ಒಗ್ಗಟ್ಟೆಂದರೆ ಪ್ರಾಣ. ಆದ್ದರಿಂದಲೇ ಕಥೋಲಿಕರೊಂದಿಗೆ ಸೇರಿ ಊರ ಮಕ್ಕಳಿಗೆ ಹಾಲು ಹಂಚಲು ಒಪ್ಪಿ, ಹಂಡೆ ಎರಡೂ ಚರ್ಚುಗಳಿಗೆ ಸಮದೂರದಲ್ಲಿರಬೇಕೆಂದು ಹಗ್ಗ ಹಿಡಿಸಿ ಅಳೆಸಿದರು. ಅಮೆರಿಕದ ಹಾಲಿನ ಪುಡಿ ಹಂಡೆಯಲ್ಲಿ ಗಂಟು ಕಟ್ಟುವವರೆಗೂ, ಮೊದಲ ಪ್ರಾರ್ಥನೆ ಯಾರದೆಂದು ಕಥೋಲಿಕ ಉಪದೇಶಿ ಪಾಸ್ಕಲಪ್ಪನೊಂದಿಗೆ ಪರಮ ಪ್ರೀತಿಯಿಂದ ಜಗಳವಾಡುತ್ತಾರೆ. ಅವನು ಪ್ರಾರ್ಥಿಸುವಾಗ ಕಣ್ಣು ಮುಚ್ಚಿದರೆ ತಾವೂ ಸೇರಿಕೊಂಡಂತಾದೀತೆಂದು ಕಣ್ಣರಳಿಸಿ ನಿಲ್ಲುತ್ತಾರೆ. ಆಮೇಲೆ ಸೌಟು ಹಿಡಿದು ಒಂದೊಂದು ಮಗುವಿಗೂ ಅದೇ ಪ್ರಶ್ನೆ: "ನಿಮ್ಮವ್ವನ ಹೆಸರೇನು? ಯಾವ ಸಭೆ?" "ಬಂಗಾರಮ್ಮ ರೀ, ನಮ್ಮನೆ ದೇವ್ರು ಹುಚ್ಚರಾಯಸ್ವಾಮಿ" ಎಂದರೆ ಮುಖ ಅರಳುತ್ತದೆ: "ಹಂಗಾರೆ ತಕರಾರೇ ಇಲ್ಲ, ಎರಡು ಸೌಟು ತಗಾ." ಕಥೋಲಿಕರ ಮಗುವಿಗೆ ಒಂದು ಸೌಟು, ಮೇಲೊಂದು ನಿಟ್ಟುಸಿರು. "ಹಾಲು ಕೊಡಾಕೆ ಅವ್ವನ ಹೆಸರ್ಯಾಕ್ರೀ?" ಎಂದು ಮೊದಮೊದಲು ಪಾಸ್ಕಲಪ್ಪ ರೇಗುತ್ತಿದ್ದ. "ಒಗ್ಗಟ್ಟು ಅಂದ್ರೂ ಒಂದು ಕ್ರಮ ಬೇಕಲ್ರೀ" ಎನ್ನುತ್ತಿದ್ದರು ಹಿರಿಯರು. ಈಗ ಅವನು ಕೇಳುವುದಿಲ್ಲ. ಒಬ್ಬ ಪುಟ್ಟ ಹುಡುಗಿಯನ್ನು ಮಾತ್ರ, ಹಿಂದಿನಿಂದ ಯಾರೂ ನೂಕದಿರಲೆಂದು, ದಿನವೂ ಸಾಲಿನ ಕೊನೆಗೇ ನಿಲ್ಲಿಸುತ್ತಾನೆ. "ನಿಮ್ಮವ್ವನ ಹೆಸರೇನು?" "ಸಲೋಮಿ." ಕಥೋಲಿಕನನ್ನು ಮದುವೆಯಾದಳೆಂದು, ಮನೆಯಲ್ಲಿ ಇನ್ನು ಯಾರೂ ಹೆಸರೆತ್ತಕೂಡದೆಂದು ಹಿರಿಯರೇ ಕಟ್ಟಪ್ಪಣೆ ಮಾಡಿದ ಒಬ್ಬಳೇ ಮಗಳ ಹೆಸರು ಅದು. ಬೀದಿಯಾಚೆಯ ಪಿಸುಮಾತೂ ಕೇಳಿಸುವ ಕಿವಿಗೆ ಅಂಗೈ ಹಿಡಿದು ಅವರು ಬಾಗುತ್ತಾರೆ: "ಕೇಳಿಸ್ಲಿಲ್ಲವ್ವ, ಇನ್ನೊಂದ್ಸಲ ಹೇಳು."