ಉಳ್ಳಾಗಡ್ಡಿ ಖಾತೆಯ ಮೊಮ್ಮಗಳು

ಸೈನ್ಯದಲ್ಲಿ ಕ್ಯಾಪ್ಟನ್ ಆಗಿರುವ ನನ್ನ ಮೊಮ್ಮಗಳಿಗೆ ಬಂದ ಎರಡು ಸಂಬಂಧಗಳು "ಹುಡುಗಿ ಮಾಡೋ ಕೆಲಸ ಏನು?" ಎಂಬಲ್ಲೇ ಮುರಿದಿದ್ದವು. ಅವಳು ಬಾಯಿ ಬಿಡುತ್ತಿರಲಿಲ್ಲ. ನನಗೆ ಗೊತ್ತಿದ್ದದ್ದೂ ಇಷ್ಟೇ: ಇಂಟರ್‌ನೆಟ್ಟಿನ ಅಡಿಯಲ್ಲಿ ಕಣ್ಣಿಗೆ ಬೀಳದ ಇನ್ನೊಂದು ನೆಟ್‌ವರ್ಕ್ ಇದೆ, ಅಲ್ಲಿ ಭಯೋತ್ಪಾದಕರು ಗುಟ್ಟಾಗಿ ಮಾತಾಡುತ್ತಾರೆ, ಇವಳು ಸುಳ್ಳು ಹೆಸರಿನಲ್ಲಿ ಅವರ ನಡುವೆ ಕೂತು ಕೇಳುತ್ತಾಳೆ. "ಅದಕ್ಕ ಆನಿಯನ್ ಅಂತಾರಜ್ಜಿ, ಪದರಿನ ಮ್ಯಾಲೆ ಪದರು. ಯಾರ ಮುಂದೂ ಅನಬ್ಯಾಡ. ನನ್ನ ವೇಷ ಬಯಲಾದ್ರ ಎಲ್ಲಾ ಮುಗೀತು," ಎಂದಿದ್ದಳು. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಕಲಿಸಿದ ಮೊದಲ ಪಾಠವೇ ಸೈಲೆನ್ಸ್. ಅದರಲ್ಲಿ ಪಾಸಾದ ನೆನಪು ಮಾತ್ರ ಇಲ್ಲ.

ಮೂರನೆಯ ಸಂಬಂಧದವರು ಸಾಂತಾಕ್ರೂಜಿನ ನಮ್ಮ ಫ್ಲ್ಯಾಟಿಗೆ ಬಂದರು. ಬೆಳಗಾವಿ ಕಡೆಯವರು, ಈಗ ದಾದರ್. ಹೋಲ್‌ಸೇಲ್ ವ್ಯಾಪಾರ ಎಂದಷ್ಟೇ ಕೇಳಿದ್ದೆ. ಉಪ್ಪಿಟ್ಟಿನ ಪ್ಲೇಟು ಕೈಗೆ ಬರುವ ಮೊದಲೇ ಹುಡುಗನ ತಂದೆ, "ಮಿಲಿಟ್ರಿಯೊಳಗ ಯಾವ ಡಿಪಾರ್ಟ್‌ಮೆಂಟ್ರಿ?" ಎಂದರು.

"ಆನಿಯ..." ನನ್ನ ನಾಲಿಗೆ ಜಾರಿತು. ಮೊಮ್ಮಗಳು ನನ್ನತ್ತ ನೋಡಿದ ನೋಟ, ಮೈ ಗಾಡ್! ತಕ್ಷಣ ಈರುಳ್ಳಿಯ ಧಾರವಾಡದ ಹೆಸರಿಗೆ ಹಾರಿದೆ: "ಉಳ್ಳಾಗಡ್ಡಿರೀ. ಜವಾನರ ಅಡಗಿಗೆ ಸಪ್ಲೈ."

ಅವರ ಮುಖ ಅರಳಿತು. "ಅರೆ ವಾ! ನಮ್ದೂ ಕಾಂದಾ-ಬಟಾಟಾ ಹೋಲ್‌ಸೇಲ್ ಅಲ್ರೀ! ಹೇಳವಾ, ಮಾಲು ಹೆಂಗ ಪರೀಕ್ಷಾ ಮಾಡ್ತಿ?"

ಕ್ಯಾಪ್ಟನ್ ಮೇಡಂ ಕಣ್ಣೂ ಮಿಟುಕಿಸಲಿಲ್ಲ. "ಹೊರಗಿನ ಬಣ್ಣ ನಂಬೂದಿಲ್ರಿ. ಅವುಗಳ ನಡಕ ಭಾಳ ದಿನ ಕೂತಿರ್ತೇವಿ. ಕೊಳತದ್ದು ಒಂದಿದ್ರೂ ವಾಸನಿ ಬಂದ ಬರ್ತದ."

"ಶಾಭಾಸ್! ನಮ್ಮ ಮಗಗ ಇಷ್ಟೂ ತಿಳಿಯೂದಿಲ್ಲ," ಎಂದು ಅವರು ತೊಡೆ ತಟ್ಟಿದರು. ಬ್ಯಾಂಕಿನ ಕೆಲಸದ ಮಗ ನಕ್ಕ.

ನನಗೇನೋ ನಿರಾಳವಾಯಿತು. ಅವಳಿಗೆ ಆಗಲಿಲ್ಲ. ಹುಡುಗನನ್ನು ಬಾಲ್ಕನಿಗೆ ಕರೆದಳು. ಮೇಲೆ ವಿಮಾನದ ಅಬ್ಬರ. ಒಂದಕ್ಷರವೂ ಕೇಳಿಸದೆ ನಾನು ಒಳಗೇ ಚಡಪಡಿಸಿದೆ.

ಬಂದವರು ಲಿಫ್ಟ್ ಹತ್ತಿದ ಮೇಲೆ ಕೇಳಿದೆ. "ಏನಂದಿ ಅವಗ?"

"ಅಜ್ಜಿ ಹೇಳಿದ್ದು ಖರೇ ಅಲ್ಲ, ಖರೇದು ನಾ ಎಂದೂ ಹೇಳಂಗಿಲ್ಲ ಅಂದೆ."

"ಅವಾ ಏನಂದಾ?"

"‘ಚಲೇಗಾ, ನಾನು ಕೇಳಲ್ಲ. ಆದ್ರೆ ದಿನಾ ಒಂದ್ ಮೆಸೇಜ್ ಮಾಡಿ, ಸೇಫ್ ಇದ್ದೀನಿ ಅಂತ,’ ಅಂದ."

ನಮ್ಮ ಕಾಲದಲ್ಲಿ ಗಂಡಿನ ಮುಖವನ್ನೇ ನೆಟ್ಟಗೆ ನೋಡಿರಲಿಲ್ಲ. ಷರತ್ತು ಹಾಕುವುದೆಲ್ಲಿ ಬಂತು? ಅವಳು ತಟ್ಟೆಗಳನ್ನು ಎತ್ತುತ್ತಾ, ನನ್ನತ್ತ ತಿರುಗದೆಯೇ ಹೇಳಿದಳು: "ನಾನೂ ಹೂಂ ಅಂದೀನಜ್ಜಿ."