ಜೇಬಿನದು ಜೇಬಿಗೆ

ಕೆಲವರು ಕೋಟೆ ಗೆದ್ದು ಹೆಸರು ಮಾಡುತ್ತಾರೆ, ಕೆಲವರು ಕಡಲು ದಾಟಿ. ನಮ್ಮ ಬೀದಿಯ ಲಾಂಡ್ರಿಯವಳು ಹೆಸರು ಮಾಡಿದ್ದು ಜೇಬು ಹೊರಳಿಸಿ. ಹೆತ್ತವರು ಅವಳನ್ನು ಏನೆಂದು ಕರೆದಿದ್ದರೋ, ಬೀದಿಗೆ ಅವಳು ಜೇಬಕ್ಕ. ಗಂಡ ತೀರಿಕೊಂಡಾಗ ಅವಳ ಪಾಲಿಗೆ ಉಳಿದದ್ದು ಒಂದು ಒಗೆಯುವ ಯಂತ್ರ, ಒಂದು ಹಬೆ ಇಸ್ತ್ರಿ ಮತ್ತು ಆಗಷ್ಟೇ ಮಾತು ಕಲಿಯುತ್ತಿದ್ದ ಒಬ್ಬಳು ಮಗಳು. ಮೂರೂ ವಿಪರೀತ ಸದ್ದು ಮಾಡುತ್ತಿದ್ದವು. ಮೂರನ್ನೂ ಅವಳು ಪಳಗಿಸಿಕೊಂಡಳು.

ಬಟ್ಟೆ ಕೌಂಟರಿಗೆ ಬಿದ್ದ ಕೂಡಲೇ ಅವಳ ಬಲಗೈ ದಂಡಯಾತ್ರೆ ಹೊರಡುತ್ತಿತ್ತು. ಹೊರಜೇಬು, ಹಿಂಜೇಬು, ಒಳಜೇಬು, ಹೊಲಿದ ದರ್ಜಿಯೇ ಮರೆತಿದ್ದ ಕಳ್ಳಜೇಬು, ಯಾವುದೂ ಆ ಕೈಗೆ ಎದುರು ನಿಲ್ಲುತ್ತಿರಲಿಲ್ಲ. ಸಿಕ್ಕಿದ್ದನ್ನೆಲ್ಲ ಪುಟ್ಟ ಕಾಗದದ ಕವರಿಗೆ ಹಾಕಿ ಎತ್ತಿಡುವಳು. ಬಟ್ಟೆ ಒಗೆದು ಇಸ್ತ್ರಿಯಾದ ಮೇಲೆ, ಬಂದ ಜೇಬಿನ ಮೇಲೆಯೇ ಆ ಕವರನ್ನು ಸೇಫ್ಟಿ ಪಿನ್ನಿನಿಂದ ಚುಚ್ಚಿ ಕೊಡುವಳು. ಅದೇನು, ಯಾಕೆ, ಯಾರದು ಎಂದು ಕೇಳುವ ಮಾತೇ ಇಲ್ಲ. ಕೌಂಟರಿನ ಹಿಂದೆ ಬೋರ್ಡು ಹಾಕಿಸಿದ್ದಳು: ‘ಜೇಬಿನದು ಜೇಬಿಗೆ’. ಬೇರೆ ಯಾವ ಕಾನೂನು ಸಡಿಲವಾದರೂ ಆ ಬೀದಿಯಲ್ಲಿ ಈ ಕಾನೂನು ಸಡಿಲವಾಗಿರಲಿಲ್ಲ.

ಒಮ್ಮೆ ಒಬ್ಬ ಗೃಹಸ್ಥರು ಊರಿಗೆ ಹೋಗಿ ಬಂದ ಕೋಟು ಕೊಟ್ಟಿದ್ದರು. ಅದರ ಒಳಜೇಬಿನಲ್ಲಿ ಅವರ ಮದುವೆಯ ಉಂಗುರವಿತ್ತು. ಬೆರಳಲ್ಲಿರಬೇಕಾದದ್ದು ಜೇಬಿಗೆ ಹೇಗೆ ಬಂತು ಎಂದು ಜೇಬಕ್ಕ ಯೋಚಿಸಲಿಲ್ಲ, ಪಿನ್ನು ಹಾಕಿದಳು. ಕೋಟು ಒಯ್ಯಲು ಹೆಂಡತಿ ಬಂದರು. ಆ ಗೃಹಸ್ಥರು ಬಹಳ ದಿನ ಲಾಂಡ್ರಿ ತಪ್ಪಿಸಿ ಸುತ್ತುದಾರಿ ಹಿಡಿದು ಆಫೀಸಿಗೆ ಹೋದರು. ಆದರೂ ಬಟ್ಟೆ ಕೊಡುವುದನ್ನು ನಿಲ್ಲಿಸಲಿಲ್ಲ. ಲಾಂಡ್ರಿ ಪ್ರಾಮಾಣಿಕವಾದದ್ದು, ಅದನ್ನು ಅವರೂ ಒಪ್ಪಲೇಬೇಕಾಯಿತು.

ಇಸ್ತ್ರಿಯ ಮೇಜಿನ ಹಿಂದೆ ಇಸ್ತ್ರಿಯಣ್ಣನಿದ್ದ. ಅವನು ಅವಳನ್ನು ಅಕ್ಕ ಎನ್ನುವನು, ಅವಳು ಅವನನ್ನು ಅಣ್ಣ ಎನ್ನುವಳು. ಇಬ್ಬರಲ್ಲಿ ಯಾರು ದೊಡ್ಡವರೆಂಬುದು ಕೊನೆಗೂ ತೀರ್ಮಾನವಾಗಲಿಲ್ಲ, ಚಿಕ್ಕವರಾಗಲು ಇಬ್ಬರೂ ಪಟ್ಟು ಹಿಡಿದಿದ್ದರು. ಬೆಳಗಾಗುವ ಮೊದಲೇ ಸೈಕಲ್ ತುಳಿದು ಬಂದು ಬಾಯ್ಲರ್ ಹೊತ್ತಿಸುವುದು ಅವನ ಕೆಲಸ. ಅವನು ಕೂರಿಸಿದ ಕಾಲರು ಹಾಕಿಕೊಂಡವನು ತಲೆ ತಗ್ಗಿಸಲು ಸಾಧ್ಯವೇ ಇರಲಿಲ್ಲ.

ಬೀದಿಯ ತುದಿಯ ಹಳೆಯ ಗೋದಾಮು ಡ್ಯಾನ್ಸ್ ಕ್ಲಬ್ಬಾದ ಮೇಲೆ ಸೋಮವಾರದ ಜೇಬುಗಳ ಗುಣ ಬದಲಾಯಿತು. ಬಸ್ ಟಿಕೆಟ್, ಹಲ್ಲುಕಡ್ಡಿಗಳ ಜಾಗದಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ಪೊಟ್ಟಣಗಳು ಬರತೊಡಗಿದವು. ಕೆಲವುಗಳಲ್ಲಿ ಬಿಳಿ ಪುಡಿ, ಕೆಲವುಗಳಲ್ಲಿ ನಗುವ ಮುಖ ಅಚ್ಚೊತ್ತಿದ ಬಣ್ಣದ ಮಾತ್ರೆಗಳು. ಜೇಬಕ್ಕ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದಳು. ಇಷ್ಟು ಚಿಕ್ಕ ವಯಸ್ಸಿನವರಿಗೆ ಇದೇನು ಕಾಯಿಲೆಯೋ, ಅದೂ ಎಲ್ಲರಿಗೂ ಶನಿವಾರವೇ ಬರುತ್ತದಲ್ಲ ಎಂದು ಮರುಗಿ, ಒಂದೂ ಬಿಡದಂತೆ ಪಿನ್ನು ಹಾಕಿ ಕೊಟ್ಟಳು. ಬಿಳಿ ಶರ್ಟಿನ ಹುಡುಗನೊಬ್ಬ ಬರುತ್ತಿದ್ದ. ಬಲು ಮರ್ಯಾದಸ್ಥ, ಟೋಕನ್ನನ್ನೂ ಎರಡು ಕೈಯಲ್ಲಿ ಕೊಡುವವನು. ಅವನಿಗೆ ವಿಶೇಷ ಉಪಚಾರವೂ ಆಯಿತು.

"ಮಾತ್ರೆ ಜೇಬಲ್ಲೇ ಬಿಟ್ಟಿದ್ರಿ ನೋಡಿ. ಹೀಗೆ ಮರೆತರೆ ಹುಷಾರಾಗೋದು ಹೇಗೆ? ಊಟ ಆದ್ಮೇಲೆ ತಗೊಳ್ಳಿ."

"ಆಗ್ಲಿ ಅಕ್ಕ," ಎಂದ ಹುಡುಗ, ಕಿವಿಯವರೆಗೆ ಕೆಂಪಾಗಿ.

ಆ ವಾರದ ಕೊನೆಯಲ್ಲಿ, ಬೆಳಕು ಹರಿಯುವ ಮುಂಚೆ, ಬಾಯ್ಲರ್ ಹೊತ್ತಿಸಲು ಬರುತ್ತಿದ್ದ ಇಸ್ತ್ರಿಯಣ್ಣನಿಗೆ ಒಂದು ಕಾರು ಬಡಿಯಿತು. ಸುದ್ದಿ ತಿಳಿದು ಜೇಬಕ್ಕ ಆಸ್ಪತ್ರೆಗೆ ಓಡಿದಾಗ ಅವನ ಕಾಲನ್ನು ಪಟ್ಟಿಗೆ ಬಿಗಿದು ಮೇಲಕ್ಕೆ ತೂಗುಹಾಕಿದ್ದರು.

"ನೋಡಕ್ಕ, ನನ್ನನ್ನೇ ಹ್ಯಾಂಗರಿಗೆ ಹಾಕಿದ್ದಾರೆ," ಎಂದ.

"ಸುಮ್ನಿರು. ಯಾರವನು?"

"ನಮ್ಮ ಗಿರಾಕಿನೇ. ಬಿಳಿ ಶರ್ಟಿನ ಹುಡುಗ. ಬಿದ್ದಿದ್ದೋನಿಗೆ ಮುಖ ಕಾಣ್ಲಿಲ್ಲ, ಕಾಲರ್ ಕಾಣ್ತು. ಅಂಥ ಕಾಲರ್ ಈ ಊರಲ್ಲಿ ನನ್ನ ಬಿಟ್ಟು ಯಾರಿಗೆ ಬರುತ್ತೆ?"

"ಕುಡಿದಿದ್ನಾ?"

"ಒಂದು ತೊಟ್ಟೂ ಇಲ್ವಂತೆ. ಮಾತ್ರೆ ನುಂಗಿ ರಾತ್ರಿಯೆಲ್ಲ ಕುಣಿದಿದ್ದಾನೆ. ಸಿಗ್ನಲ್ಲಿನ ಕೆಂಪು ದೀಪ ತುಂಬ ಚಂದ ಕಾಣ್ತಿತ್ತಂತೆ, ಅದನ್ನೇ ನೋಡ್ಕೊಂಡು ಬಂದ್ನಂತೆ. ಪಕ್ಕ ಕೂತು ಅಳ್ತಾ ಇದ್ದ ಪಾಪ, ಆಂಬುಲೆನ್ಸ್ ಬರೋ ತನಕ."

"ಯಾವ ಮಾತ್ರೆ?"

ಇಸ್ತ್ರಿಯಣ್ಣ ಮೇಲಿನ ಫ್ಯಾನು ನೋಡಿದ. "ಕಾರಲ್ಲಿ ನಮ್ಮ ಕವರ್ ಸಿಕ್ಕಿದೆ ಅಕ್ಕ. ಪಿನ್ ಸಮೇತ."

ಜೇಬಕ್ಕ ಮಂಚದ ತುದಿಯಲ್ಲಿ ಕೂತುಬಿಟ್ಟಳು. "ಊಟ ಆದ್ಮೇಲೆ ತಗೋ ಅಂತ ಬೇರೆ ಹೇಳಿದ್ದೆ," ಎಂದಳು. ಅವನು ತಲೆದಿಂಬಿನ ಪಕ್ಕದ ನೀರಿನ ಲೋಟವನ್ನು ಅವಳತ್ತ ಸರಿಸಿದ.

ಇಸ್ತ್ರಿಯಣ್ಣ ಮರಳಿ ಬಂದಾಗ ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿತ್ತು. ಎತ್ತರದ ಸ್ಟೂಲಿನ ಮೇಲೆ ಕೂತು ಇಸ್ತ್ರಿ ಹಿಡಿದ. ಸೈಕಲ್ ಮಾರಾಟವಾಯಿತು. ಅವನ ಹೆಂಡತಿ ಎರಡು ಮನೆಯ ಕೆಲಸ ಹಿಡಿದಳು. ಬಿಳಿ ಶರ್ಟಿನ ಹುಡುಗನ ನೌಕರಿ ಹೋಯಿತು, ಕೋರ್ಟಿಗೆ ಅಲೆಯುತ್ತಿದ್ದ. ಅವನ ತಾಯಿ ಒಮ್ಮೆ ಅಂಗಡಿಗೆ ಬಂದು ಇಸ್ತ್ರಿಯಣ್ಣನ ಎದುರು ನಿಂತು, ಹ್ಯಾಂಗರುಗಳನ್ನು ಒಂದೇ ದಿಕ್ಕಿಗೆ ತಿರುಗಿಸಿಟ್ಟು ಹೋದರು. ಪೊಟ್ಟಣಗಳು ಮಾತ್ರ ಬರುತ್ತಲೇ ಇದ್ದವು. ಜೇಬಕ್ಕ ಅವನ್ನು ಒಂದು ಡಬ್ಬಿಗೆ ಹಾಕಿ, ಕೊಡಲೂ ಆಗದೆ ಎಸೆಯಲೂ ಆಗದೆ, ಡಬ್ಬಿಯ ಮುಂದೆ ಕೂತು ಒದ್ದಾಡುತ್ತಿದ್ದಳು. ಎಸೆದರೆ ಕಾನೂನು ಮುರಿಯುತ್ತದೆ. ಕೊಟ್ಟರೆ ಕಾಲು ಮುರಿಯುತ್ತದೆ.

ಆಗ ಬಂತು ಮಗಳ ಜೀನ್ಸ್ ಜಾಕೆಟ್ಟು.

ಮಗಳು ಬ್ಯೂಟಿ ಪಾರ್ಲರಿನಲ್ಲಿ ಕೂದಲು ಕತ್ತರಿಸುವವಳು. ವಾರವಿಡೀ ನಿಂತೇ ಇದ್ದು, ಊರವರ ತಲೆಯನ್ನೂ ತಲೆಯೊಳಗಿನದನ್ನೂ ಸಹಿಸಿಕೊಂಡು, ಶನಿವಾರ ಗೆಳತಿಯರೊಂದಿಗೆ ಕುಣಿಯಲು ಹೋಗುತ್ತಿದ್ದಳು. ಜೇಬಕ್ಕನಿಗೆ ಅದರಲ್ಲಿ ತಕರಾರಿರಲಿಲ್ಲ. ದಿನವೆಲ್ಲ ನಿಂತ ಕಾಲು ಒಂದು ದಿನ ಕುಣಿದರೇನು ಎನ್ನುವವಳು ಅವಳು. ಸೋಮವಾರ ಜಾಕೆಟ್ಟಿನ ಒಳಜೇಬಿಗೆ ಹೋದ ಕೈ ಅಲ್ಲೇ ನಿಂತಿತು. ಹೊರತೆಗೆದ ಪೊಟ್ಟಣದೊಳಗಿಂದ ಎರಡು ನೀಲಿ ಮುಖಗಳು ಅವಳನ್ನು ನೋಡಿ ನಕ್ಕವು.

ಆ ಗಳಿಗೆಯಲ್ಲಿ ಜೇಬಕ್ಕನ ಎದೆಯೊಳಗೆ ನಡೆದ ಯುದ್ಧದಲ್ಲಿ ಆನೆ ಕುದುರೆಗಳಿರಲಿಲ್ಲ, ಬೇರೆಲ್ಲ ಇತ್ತು. ಅವಳು ಪೊಟ್ಟಣದ ಬಾಯಿ ಬಿಚ್ಚಿ, ಅದನ್ನು ಇದ್ದಲ್ಲೇ ಇಟ್ಟು, ಒಳಜೇಬಿನ ಗುಂಡಿ ಹಾಕಿದಳು. ಜಾಕೆಟ್ಟನ್ನು ಒಂಟಿಯಾಗಿ ಯಂತ್ರಕ್ಕೆ ತಳ್ಳಿ, ಬಿಸಿಯ ತಿರುಗಣೆಯನ್ನು ಕೊನೆಯವರೆಗೆ ತಿರುಗಿಸಿ, ಗಾಜಿನ ಬಾಗಿಲ ಮುಂದೆ ಕೂತಳು.

"ಜೇಬು ನೋಡಿದ್ಯಾ ಅಕ್ಕ?" ಎಂದ ಇಸ್ತ್ರಿಯಣ್ಣ.

"ಮರೆತೆ."

"ನೀನು. ಮರೆತೆ." ಬಾಯ್ಲರ್ ಹಾಡು ಹೇಳಿತು ಎಂದಿದ್ದರೂ ಅವನು ಬೇಗ ನಂಬುತ್ತಿದ್ದ. ಆದರೆ ಯಾರ ಜಾಕೆಟ್ಟೆಂದು ನೋಡಿದ, ಇಸ್ತ್ರಿ ಕೆಳಗಿಟ್ಟ, ಸ್ಟೂಲನ್ನು ಅವಳ ಪಕ್ಕಕ್ಕೆ ಎಳೆದುಕೊಂಡ.

ಮನೆಯಲ್ಲಿ ಮಗಳ ಕೈಗೆ ಸಿಕ್ಕಿದ್ದು ಜಾಕೆಟ್ಟಲ್ಲ, ಟೋಕನ್ನು. "ಕೌಂಟರಿಗೆ ಬಂದು ತಗೋ. ಎಲ್ಲ ಗಿರಾಕಿಗಳ ಹಾಗೆ."

ಮಗಳು ಬಂದಳು. ಜಾಕೆಟ್ಟಿನ ಎದೆಯ ಮೇಲೆ ಪಿನ್ನು ಹಾಕಿದ ಕವರಿತ್ತು, ಕವರಿನೊಳಗೆ ಸುರುಟಿಹೋದ ಖಾಲಿ ಪ್ಲಾಸ್ಟಿಕ್. ಅವಳು ಕವರು ನೋಡಿದಳು, ಅಮ್ಮನನ್ನು ನೋಡಿದಳು.

"ಜೇಬು ನೋಡದೆ ಒಗೆದ್ಯಾ?"

"ವಯಸ್ಸಾಯ್ತಲ್ಲ."

"ಅಮ್ಮ, ನೀನು ಸತ್ತು ಮಲಗಿದ್ರೂ ಹೊದಿಕೆಗೆ ಜೇಬಿದ್ಯಾ ಅಂತ ತಡಕೋಳು."

"ಹಾಗಾದ್ರೆ ಯಾಕೆ ಮರೆತೆ ಅಂತ ನೀನೇ ಲೆಕ್ಕ ಹಾಕು."

ಮಗಳು ಪಿನ್ನನ್ನು ತಿರುಗಿಸುತ್ತ ನಿಂತಳು. "ಎಲ್ಲರೂ ತಗೋತಾರೆ ಅಮ್ಮ. ಕಾಲುನೋವು ಮರೆಯುತ್ತೆ, ಎಲ್ಲರ ಮೇಲೂ ಪ್ರೀತಿ ಬರುತ್ತೆ. ನಾನೇನು ದಿನಾ ತಗೋತೀನಾ? ಶನಿವಾರ ಒಂದು ದಿನ."

"ಆ ಹುಡುಗನಿಗೂ ಶನಿವಾರ ಒಂದೇ ದಿನ. ಅಣ್ಣ ವಾರವೆಲ್ಲ ಕುಂಟ್ತಾನೆ."

"ನನ್ನ ಹತ್ರ ಕಾರೇ ಇಲ್ವಲ್ಲ."

"ನಿನ್ನ ಹತ್ರ ನಾನಿದ್ದೀನಿ," ಎಂದಳು ಜೇಬಕ್ಕ. "ಇಷ್ಟು ವರ್ಷದಲ್ಲಿ ಯಾರ ಜೇಬಿಗೂ ನಾನು ಹೆದರಿಲ್ಲ. ಮೊನ್ನೆ ನಿನ್ನ ಜೇಬಿಗೆ ಕೈ ಹಾಕಿ ಹೆದರಿದೆ. ನಾಳೆ ಆಸ್ಪತ್ರೆಯೋರು ನಿನ್ನ ಬಟ್ಟೆ ನನ್ನ ಕೈಗೆ ಕೊಟ್ಟರೆ ನಾನು ಯಾವ ಜೇಬು ನೋಡ್ಲಿ?"

ಮಗಳು ಜಾಕೆಟ್ ಎಳೆದುಕೊಂಡು ಹೊರಟುಹೋದಳು. ಬಾಗಿಲು ಬಡಿದ ರಭಸಕ್ಕೆ ಬೋರ್ಡು ಓರೆಯಾಯಿತು. ಅದನ್ನು ಸರಿಪಡಿಸಲು ಸ್ಟೂಲಿನಿಂದ ಇಳಿದ ಇಸ್ತ್ರಿಯಣ್ಣ, ಸರಿಪಡಿಸುವ ನೆಪದಲ್ಲಿ ಸೀಮೆಸುಣ್ಣದಿಂದ ಅದರ ಕೆಳಗೆ ಎರಡು ಪದ ಸೇರಿಸಿದ: ‘ಒಗೆದ ಮೇಲೆ’.

ಹಾಗೆ ಆ ಮಹಾ ಕಾನೂನಿಗೆ ತಿದ್ದುಪಡಿಯಾಯಿತು. ಡಬ್ಬಿಯಲ್ಲಿದ್ದ ಪೊಟ್ಟಣಗಳೆಲ್ಲ ಬಾಯಿ ತೆರೆದುಕೊಂಡು ಕುದಿನೀರು ಕಂಡು, ಖಾಲಿಯಾಗಿ, ಪಿನ್ನು ಹಾಕಿಸಿಕೊಂಡು ತಂತಮ್ಮ ಜೇಬಿಗೆ ಮರಳಿದವು. ದೂರು ಹೇಳಲು ಬಂದವನು ಒಬ್ಬನೇ, ನೀಲಿ ಕೋಟಿನ ದೊಡ್ಡ ಮನುಷ್ಯ.

"ನನ್ನ ಜೇಬಲ್ಲಿ ಒಂದು... ಸಾಮಾನಿತ್ತು."

"ಯಾವ ಸಾಮಾನು ಸಾರ್? ಜೋರಾಗಿ ಹೆಸರು ಹೇಳಿ, ಅಣ್ಣನೂ ಹುಡುಕ್ತಾನೆ," ಎಂದಳು ಜೇಬಕ್ಕ.

ಸರದಿಯಲ್ಲಿದ್ದವರೆಲ್ಲ ಕಿವಿಯಾದರು. ದೊಡ್ಡ ಮನುಷ್ಯ ಕೆಮ್ಮಿ, ಕೋಟು ಬಹಳ ಚೆನ್ನಾಗಿ ಒಗೆದಿದ್ದೀರಿ ಎಂದು ಹೊಗಳಿ ಹೊರಟ.

ಮಗಳು ಮಾತ್ರ ವಾರವೆಲ್ಲ ಮಾತಾಡಲಿಲ್ಲ. ಶನಿವಾರ ಎಂದಿನಂತೆ ಕುಣಿಯಲು ಹೋದಳು. ಜೇಬಕ್ಕ ಬೇಡ ಎನ್ನಲಿಲ್ಲ, ರಾತ್ರಿಯೆಲ್ಲ ಕಣ್ಣನ್ನೂ ಮುಚ್ಚಲಿಲ್ಲ. ಭಾನುವಾರ ಬೆಳಿಗ್ಗೆ ನೋಡಿದರೆ ಜಾಕೆಟ್ಟು ಕುರ್ಚಿಯ ಬೆನ್ನಿಗೆ ನೇತುಬಿದ್ದಿತ್ತು. ಹೊರಜೇಬೆರಡೂ ಮಗುಚಿಕೊಂಡು ನಾಯಿಕಿವಿಗಳಂತೆ ಜೋಲಾಡುತ್ತಿದ್ದವು. ಮಗಳು ಚಹಾ ಲೋಟ ಹಿಡಿದು, ನೋಡದವಳಂತೆ ನೋಡುತ್ತ ಬಾಗಿಲಲ್ಲಿ ನಿಂತಿದ್ದಳು. ಕಾಲು ಊದಿಕೊಂಡಿದ್ದವು.

"ನೋಯ್ತಾ ಇದ್ಯಾ?" ಎಂದಳು ಜೇಬಕ್ಕ.

"ಹ್ಞೂಂ. ಈ ಸಲ ತುಂಬ."

ಜೇಬಕ್ಕ ಮಗುಚಿದ ಜೇಬೆರಡನ್ನೂ ಮೆಲ್ಲಗೆ ಒಳಗೆ ತಳ್ಳಿದಳು. ಆಮೇಲೆ ಹೇಳಿದಳು: "ಒಳಜೇಬು?"

"ನಿನ್ನ ಅಂಗಡಿಗೆ ಬೆಂಕಿ ಬೀಳ," ಎಂದು ಮಗಳು ನಕ್ಕು, ಒಳಜೇಬಿನ ಗುಂಡಿ ಬಿಚ್ಚಿ ಅದನ್ನೂ ಹೊರಳಿಸಿದಳು. ಒಂದು ತಲೆಪಿನ್ನು ಬಿತ್ತು, ಜೊತೆಗೆ ಯಾರದೋ ಅಂಗಿಯಿಂದ ಕಿತ್ತುಬಂದ ಗುಂಡಿ.

ಜೇಬಕ್ಕ ಎರಡನ್ನೂ ಕವರಿಗೆ ಹಾಕಿದಳು. ಗುಂಡಿ ಯಾರದೆಂದು ಕೇಳಲಿಲ್ಲ. ಕಾಯಿಸಿದ ನೀರನ್ನು ಬಕೆಟ್ಟಿಗೆ ಸುರಿದು ಮಗಳ ಕಾಲ ಬಳಿ ಇಟ್ಟಳು.